ಮನೆ ತೋರಿಸುವವರು

ಅವರ ಹೆಸರು ಹೇಳುವುದಿಲ್ಲ. ಯಾರ ಮಗಳು, ಯಾವ ಓಣಿ, ಮನೆಯ ಮುಂದೆ ಬೇವಿನ ಮರವಿತ್ತೋ ನಲ್ಲಿಯಿತ್ತೋ, ಅದನ್ನೂ ಹೇಳುವುದಿಲ್ಲ. ನಮ್ಮ ಕಡೆ ತೀರಿಕೊಂಡವರ ಬಗ್ಗೆ ನಾಲ್ಕು ಮಾತು ಬರೆದು ಇಷ್ಟನ್ನೂ ಹೇಳದಿದ್ದರೆ ಸತ್ತವರಿಗೆ ಅವಮಾನ ಮಾಡಿದಂತೆ. ಓದಿದವರು ಮೊದಲು ಕೇಳುವುದೇ "ಯಾರ ಪೈಕಿ?" ಎಂದು. ಕೇಳಲಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕು ತಾಲೂಕಿನಲ್ಲಿ ಯಾವುದೋ ಒಂದು ಊರಿನವರು ಎಂದುಕೊಳ್ಳಿ. ಓದುತ್ತ ಓದುತ್ತ ನಿಮಗೆ ಗುರುತು ಸಿಕ್ಕರೆ, ಸಿಕ್ಕಿತೆಂದು ಯಾರಿಗೂ ಹೇಳಬೇಡಿ. ಚೇಷ್ಟೆಗೆ ಹೇಳುತ್ತಿಲ್ಲ.

ಜಮಖಂಡಿಯ ಒಂದು ಕಾಲೇಜಿನಲ್ಲಿ ಅವರು ಇಂಗ್ಲಿಷ್ ಕಲಿಸುತ್ತಿದ್ದರು, ನಾನು ಕನ್ನಡ. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಟೇಬಲ್ಲು ಅಕ್ಕಪಕ್ಕ. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ಮಕ್ಕಳು ಮ್ಯಾಡಮ್ ಎಂದರೂ ನಾನು ಹಳೆಯ ರೂಢಿಯಂತೆ ಅಕ್ಕಾರು ಎನ್ನುತ್ತಿದ್ದೆ. ಲಗ್ನವಾಗಿರಲಿಲ್ಲ. ತೀರಿಹೋದ ಅಣ್ಣನ ಹೆಂಡತಿ, ಅಂದರೆ ಅವರ ವೈನಿ, ಮತ್ತು ಇವರು, ಇಬ್ಬರೇ ಮನೆಯಲ್ಲಿ. ದಿನಾ ಬಸ್ಸಿಗೆ ಬಂದು ಬಸ್ಸಿಗೆ ಹೋಗುತ್ತಿದ್ದರು. ಕನ್ನಡಕ ಹಣೆಯ ಮೇಲೆ ಏರಿಸಿಕೊಂಡು ಅದನ್ನೇ ಟೇಬಲ್ಲಿನ ತುಂಬ ಹುಡುಕುವುದು, ಚಹಾ ಬಸಿಗೆ ಸುರಿದುಕೊಂಡು ಸೊರ್ರೆಂದು ಕುಡಿಯುವುದು, ಮಾತಿಗೆ ಮೊದಲು ಸೆರಗು ಸೊಂಟಕ್ಕೆ ಸಿಗಿಸುವುದು, ಇವೆಲ್ಲ ನಮ್ಮ ಊರಿನ ಯಾವ ಹೆಣ್ಣುಮಗಳಾದರೂ ಮಾಡುವಂಥವು. ಇಂಗ್ಲಿಷ್ ಮಾತ್ರ ಇಸ್ತ್ರಿ ಮಾಡಿದ ಹಾಗೆ. ಅಂಗಡಿಯ ಬೋರ್ಡಿನಲ್ಲಿ ಸ್ಪೆಲ್ಲಿಂಗ್ ತಪ್ಪಿದ್ದರೆ ಒಳಗೆ ಹೋಗಿ ಮಾಲಕನಿಗೆ ಹೇಳಿಯೇ ಮುಂದೆ ನಡೆಯುವವರು.

"ಇಂಗ್ಲಿಷ್ ಒಂದು ಬಂತಂದ್ರ, ಜಗತ್ತಿನಾಗ ಯಾವ ಬಾಗಲಾ ಬಡದ್ರೂ ತೆರೀತೈತಿ ನೋಡಬೇ" ಎನ್ನುತ್ತಿದ್ದರು.

"ತೆರದಾವ್ರು ಯಾರು ಅಂತ ನೋಡ್ಕೋಬೇಕಲ್ರಿ ಅಕ್ಕಾರ" ಎಂದು ನಾನು ಕಾಡಿಸುತ್ತಿದ್ದೆ. ಕನ್ನಡದವಳಿಗೆ ಹೊಟ್ಟೆಕಿಚ್ಚು ಎಂದು ನಕ್ಕು ಬಿಡುತ್ತಿದ್ದರು.

ಅವರದೊಂದು ಹಳೆಯ ಕಥೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಂದು ಭಾನುವಾರ ಅವರ ಊರಿನ ಬಸ್ ಸ್ಟ್ಯಾಂಡಿನಲ್ಲಿ ಗಲಗಲಿ ಕಡೆಯ ನಾಲ್ಕು ಜನ ಹಿರಿಯರು ಇಳಿದು ಚಹಾದ ಅಂಗಡಿಯಲ್ಲಿ ಕೂತಿದ್ದರಂತೆ. ಕನ್ಯೆ ನೋಡಲು ಬಂದವರು. ಮನೆಗೆ ಹೋಗುವ ಮೊದಲು ಊರಲ್ಲಿ ಹುಡುಗಿಯ ಬಗ್ಗೆ ಮೆಲ್ಲಗೆ ವಿಚಾರಿಸುವುದು ಎಲ್ಲೆಡೆಯ ರೂಢಿ. ಅಂಗಡಿಯಲ್ಲಿ ಯಾರೋ ಬಾಯಿಬಡುಕ, ಹುಡುಗಿ ಯಾರದೋ ಬೈಕಿನ ಮೇಲೆ ಓಡಾಡುತ್ತಾಳೆ ಎಂದು ಹೇಳಿಬಿಟ್ಟಿದ್ದ. ಹಿರಿಯರು ತಿರುಗಿ ಬಸ್ಸು ಹತ್ತುವ ವಿಚಾರದಲ್ಲಿದ್ದರು. ಪಕ್ಕದಲ್ಲಿ ಬದನೆಕಾಯಿ ಆರಿಸುತ್ತಿದ್ದ ಅಕ್ಕಾರ ಕಿವಿಗೆ ಈ ಮಾತು ಬಿತ್ತು.

"ಏಳ್ರಿ ಮ್ಯಾಲ. ನನ್ನ ಜೋಡಿ ಬರ್ರಿ" ಎಂದು ನಾಲ್ವರನ್ನೂ ಎಬ್ಬಿಸಿದರು. ದಾರಿಯುದ್ದಕ್ಕೂ ಹುಡುಗಿಯ ಅಜ್ಜ ಯಾರು, ಅವಳು ಎಷ್ಟು ಹೊತ್ತಿಗೆ ಮನೆ ಬಿಡುತ್ತಾಳೆ, ಎಷ್ಟು ಹೊತ್ತಿಗೆ ತಿರುಗಿ ಬರುತ್ತಾಳೆ, ಆ ಬೈಕು ಅವಳ ಸೋದರಮಾವನದು, ಅವನ ಮನೆ ಇದೇ ನೋಡ್ರಿ ಎಂದು ಒಂದೊಂದನ್ನೂ ಬೆರಳು ಮಾಡಿ ತೋರಿಸುತ್ತ ಕರೆದೊಯ್ದು, ಹುಡುಗಿಯ ಮನೆಯ ಹೊಸ್ತಿಲು ದಾಟಿಸಿ, ಅಲ್ಲೇ ಕೂತು ಉಪ್ಪಿಟ್ಟು ತಿಂದು ಬಂದರು. ಲಗ್ನವಾಯಿತು. ಆ ಹುಡುಗಿ ಮುಂದೆ ಕೂಸನ್ನು ಎತ್ತಿಕೊಂಡು ನಮ್ಮ ಸ್ಟಾಫ್ ರೂಮಿಗೇ ಬಂದು ಅವರ ಕಾಲು ಮುಟ್ಟಿದ್ದನ್ನು ನಾನೇ ನೋಡಿದ್ದೇನೆ.

"ಹೆಸರು ಹೇಳಿದ್ರ ಅದು ಗಾಳಿಮಾತು. ಮನಿ ತೋರ್ಸಿದ್ರ ಖರೆ ಮಾತು" ಎಂದು ಅವತ್ತು ಅಂದರು. ಅವರು ಹೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ. ನಮ್ಮಲ್ಲಿ ವಿಳಾಸ ಕೇಳಿದವರಿಗೆ ಬರೀ ಹೇಳಿ ಕಳಿಸುವುದಿಲ್ಲ, ಅಂಗಡಿ ಬಿಟ್ಟು ಎದ್ದು ಹೋಗಿ ಬಾಗಿಲು ಮುಟ್ಟಿಸಿ ಬರುತ್ತೇವೆ. ಒಬ್ಬರು ಒಳ್ಳೆಯವರು ಎನ್ನಲು ನಮಗೆ ಗೊತ್ತಿರುವುದು ಅದೊಂದೇ ದಾರಿ.

ಕೊರಿಯಾ ಅವರ ತಲೆಗೆ ಹೊಕ್ಕಿದ್ದು ಒಂದು ಫೋನಿನಿಂದ. ಸಾವಳಗಿಯಿಂದ ಬರುವ ಒಬ್ಬ ಹುಡುಗಿ ಹಿಂದಿನ ಬೆಂಚಿನಲ್ಲಿ ಕೂತು ಫೋನು ನೋಡಿ ಕಿಸಿಕಿಸಿ ನಗುತ್ತಿದ್ದಳಂತೆ. ಕಸಿದುಕೊಂಡು ತಂದು ಟೇಬಲ್ಲಿನ ಮೇಲೆ ಕುಕ್ಕಿದರು. ಪರದೆಯ ತುಂಬ ಕೊರಿಯನ್ ಅಕ್ಷರ. ಕೆಳಗೆ ಇಂಗ್ಲಿಷಿಗೆ ತಿರುಗಿಸುವ ಗುಂಡಿ ಇತ್ತು. ಒತ್ತಿದರು. ನಾನು ಎರಡು ಕ್ಲಾಸು ಮುಗಿಸಿ ಬಂದರೂ ಅವರು ಓದುತ್ತಲೇ ಇದ್ದರು. ಕಡೆಗೆ ಆ ಹುಡುಗಿಯನ್ನು ಕರೆಸಿದ್ದು ಬೈಯಲು ಅಲ್ಲ, ಚಾರ್ಜರ್ ಕೇಳಲು.

ಅಲ್ಲಿಂದ ಮುಂದೆ ಹುಡುಗಿಯರೇ ಅವರಿಗೆ ಮೇಷ್ಟ್ರುಗಳಾದರು. ಆ ಮಂದಿ ಕಮೆಂಟಿನಲ್ಲಿ ನಗುವುದಕ್ಕೆ 'ಕ' ಎಂಬ ಒಂದೇ ಅಕ್ಷರವನ್ನು ಸಾಲಾಗಿ ಬರೆಯುತ್ತಾರೆ, ಅಳುವುದಕ್ಕೆ ಎರಡು ಕಣ್ಣಿಂದ ನೀರು ಇಳಿದಂತೆ ಕಾಣುವ ಅಕ್ಷರ ಹಾಕುತ್ತಾರೆ, ಹಿರಿಯಳಾದರೆ ಹುಡುಗಿಯರು ಉನ್ನಿ ಎಂದು ಕರೆಯುತ್ತಾರೆ, ಉನ್ನಿ ಅಂದರೆ ಅಕ್ಕ. ಇದನ್ನೆಲ್ಲ ನನಗೆ ಬಂದು ಬಂದು ಹೇಳುತ್ತಿದ್ದರು. ಅವರಿಗೆ ಬಹಳ ಹಿಡಿಸಿದ್ದು ಒಂದು ಸಂಗತಿ. ಭೇಟಿಯಾದರೆ ಆ ಮಂದಿಯೂ ನಮ್ಮ ಹಾಗೆ "ಊಟ ಆತೇನು?" ಎಂದು ಕೇಳುತ್ತಾರಂತೆ.

"ನಮ್ಮವ್ರ ಅವ್ರು. ಎಲ್ಲಿದೋ ದೇಶದಾಗ ಹೋಗಿ ಹುಟ್ಯಾರ, ಅಷ್ಟ" ಎಂದರು.

ಅಂತೂ ಅವರು ನೆಲೆ ನಿಂತದ್ದು ಒಂದೇ ಒಂದು ಹುಡುಗಿಯ ವಿಡಿಯೋದ ಮುಂದೆ. ಆ ಹುಡುಗಿ ಸರಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಳು. ನಮ್ಮ ಹುಡುಗರು ಧಾರವಾಡದಲ್ಲಿ ರೂಮು ಮಾಡಿಕೊಂಡು ಓದುವುದಿಲ್ಲವೇ, ಹಾಗೆ ಒಂದು ಗೂಡಿನಂಥ ರೂಮು. ಓದುವುದನ್ನೇ ಕ್ಯಾಮೆರಾ ಇಟ್ಟು ಲೈವ್ ಬಿಡುತ್ತಿದ್ದಳು. ಅಂಥವರು ಅಲ್ಲಿ ಬಹಳ ಮಂದಿಯಂತೆ. ಮುಖ ತೋರಿಸುತ್ತಿರಲಿಲ್ಲ, ಹೆಸರು ಹೇಳುತ್ತಿರಲಿಲ್ಲ. ಒಂದು ಮೇಜು, ಎರಡು ಕೈ, ಪುಸ್ತಕ, ನೀರಿನ ಬಾಟಲಿ, ಮೂಲೆಯಲ್ಲಿ ಕಿಟಕಿಯ ಒಂದು ಚೂರು. ಪೆನ್ನಿನ ಕರಕರ ಸದ್ದು ಬಿಟ್ಟರೆ ಮಾತಿಲ್ಲ ಕಥೆಯಿಲ್ಲ.

"ಇದರಾಗ ನೋಡೂದೇನೈತ್ರಿ?" ಎಂದೆ.

"ಪರೀಕ್ಷಾ ಹಾಲಿನಾಗ ನೀ ತಾಸುಗಟ್ಟಲೆ ಮಕ್ಕಳನ್ನ ನೋಡ್ಕೋಂತ ನಿಂದ್ರೂದಿಲ್ಲೇನು? ಪಗಾರ ತಗೊಂಡು ನೋಡ್ತಿ. ನಾ ಪುಕ್ಕಟೆ ನೋಡ್ತೀನಿ."

ನಮ್ಮ ಮಧ್ಯಾಹ್ನದ ಬಿಡುವೆಂದರೆ ಅಲ್ಲಿ ಇಳಿಹೊತ್ತು. ಅಕ್ಕಾರು ಡಬ್ಬಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಹರವಿಕೊಂಡು, ಫೋನನ್ನು ಹಾಜರಿ ಪುಸ್ತಕಕ್ಕೆ ಆನಿಸಿ ನಿಲ್ಲಿಸಿ, ಮೊದಲು ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯುತ್ತಿದ್ದರು: ಊಟ ಆಯಿತೇ? ಆಮೇಲೆಯೇ ತುತ್ತು ಬಾಯಿಗೆ. ಬಹಳ ದಿನ ಉತ್ತರ ಬರಲಿಲ್ಲ. ಒಂದು ದಿನ ಆ ಕೈಗಳು ಪೆನ್ನು ಕೆಳಗಿಟ್ಟು, ಒಂದು ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದು ಕ್ಯಾಮೆರಾಕ್ಕೆ ಹಿಡಿದವು. 'ಟೀಚರ್, ನಾನು ಊಟ ಮಾಡಿದೆ. ನೀವು?' ಅಕ್ಕಾರು ರೊಟ್ಟಿ ಹಿಡಿದ ಕೈಯಲ್ಲೇ ಕಣ್ಣು ಒರೆಸಿಕೊಂಡರು. ಚಟ್ನಿಯ ಖಾರ ಹತ್ತಿ ಕಣ್ಣು ಕೆಂಪಗಾಗಿ, ಅದಕ್ಕೂ ನನ್ನನ್ನೇ ಬೈದರು.

ನನಗೆ ಮಾತ್ರ ಮೊದಲಿನಿಂದಲೂ ಆ ಕಮೆಂಟುಗಳ ಬಗ್ಗೆ ಏನೋ ಕಸಿವಿಸಿ. ಇಂಗ್ಲಿಷಿಗೆ ತಿರುಗಿದಾಗ ಮಾತು ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ನಮ್ಮ 'ರೀ' ಇದ್ದ ಹಾಗೆ ಅವರ ಭಾಷೆಯಲ್ಲೂ ಮರ್ಯಾದೆ ತೋರಿಸುವ ಬಗೆಗಳಿವೆಯಂತೆ. ಇಂಗ್ಲಿಷಿಗೆ ಬರುವಷ್ಟರಲ್ಲಿ ಅವೆಲ್ಲ ಉದುರಿಹೋಗಿರುತ್ತಿದ್ದವು. ಯಾರು ಪ್ರೀತಿಯಿಂದ ಕೇಳುತ್ತಿದ್ದಾರೆ, ಯಾರು ಹಲ್ಲು ಕಡಿಯುತ್ತ ಕೇಳುತ್ತಿದ್ದಾರೆ, ಓದಿದರೆ ಎಲ್ಲ ಒಂದೇ. ಇದನ್ನು ಹೇಳಿದರೆ ಅಕ್ಕಾರು ಒಪ್ಪುತ್ತಿರಲಿಲ್ಲ. ಇಂಗ್ಲಿಷಿನ ಮೇಲೆ ಅವರಿಗೆ ಅಷ್ಟು ನಂಬಿಕೆ.

ಒಂದು ದಿನ ಯಾರೋ ಬರೆದರು, ಈ ಕೈ ಬಡ ಹುಡುಗಿಯ ಕೈ ಅಲ್ಲ ಎಂದು. ಮರುದಿನ ಇನ್ನೊಬ್ಬರು, ಇವಳು ಯಾವ ಪರೀಕ್ಷೆಗೂ ಓದುತ್ತಿಲ್ಲ, ಎಲ್ಲ ನಾಟಕ, ಕನಿಕರ ಹುಟ್ಟಿಸಿ ಮಂದಿಯಿಂದ ಕೊಡುಗೆ ಕೀಳುತ್ತಾಳೆ ಎಂದರು. ಮೂರನೆಯವರು ಇವಳನ್ನು ಯಾರೋ ಇಟ್ಟುಕೊಂಡಿದ್ದಾರೆ ಎಂದರು. ವಾರದೊಳಗೆ ಆ ನಗುವ ಅಕ್ಷರಗಳು ಇರುವೆ ಹೊರಟಂತೆ ಪರದೆಯ ತುಂಬ ಹರಿಯತೊಡಗಿದವು. ಹುಡುಗಿ ಒಂದಕ್ಕೂ ಉತ್ತರ ಕೊಡಲಿಲ್ಲ. ಬರೆಯುವುದು ಮಾತ್ರ ನಿಧಾನವಾಯಿತು. ಒಂದೇ ಸಾಲನ್ನು ಬರೆದು ಹೊಡೆದು, ಬರೆದು ಹೊಡೆದು ಮಾಡುತ್ತಿದ್ದಳು.

ಅಕ್ಕಾರ ಸಿಟ್ಟು ನೆತ್ತಿಗೇರಿತು. ಅದೇ ಚಹಾದ ಅಂಗಡಿ, ಅದೇ ಬಾಯಿಬಡುಕ, ಅದೇ ಹುಡುಗಿ ಎಂದು ಅವರಿಗೆ ಅನ್ನಿಸಿರಬೇಕು. ಸೆರಗು ಸಿಗಿಸಿ ಕೂತು, ಊಟ ಬಿಟ್ಟು, ಬಿಡುವಿನ ಹೊತ್ತೆಲ್ಲ ಬರೆದರು. ಕಳಿಸುವ ಮೊದಲು ನನಗೆ ಕೊಟ್ಟು "ವ್ಯಾಕರಣ ನೋಡಬ್ಯಾಡ, ನ್ಯಾಯ ನೋಡು" ಎಂದರು.

ಅದರಲ್ಲಿ ಇದ್ದದ್ದು ಇಷ್ಟು. ನಾನು ಮೂವತ್ತು ವರ್ಷ ಕಲಿಸಿದ ಶಿಕ್ಷಕಿ. ಈ ಹುಡುಗಿಯನ್ನು ದಿನಾ ನೋಡುತ್ತಿದ್ದೇನೆ. ಇವಳು ಖರೆ ಹುಡುಗಿ, ಇವಳ ರೂಮು ಖರೆ ರೂಮು. ಇವಳ ಕಿಟಕಿಯ ಹಿಂದೆ ಒಂದು ಶಾಲೆಯಿದೆ, ಅದರ ಗಂಟೆ ನನಗೆ ಕೇಳುತ್ತದೆ. ಗಂಟೆಯಾದ ಸ್ವಲ್ಪ ಹೊತ್ತಿಗೆ ರೈಲು ಹೋಗುತ್ತದೆ. ಎದುರಿಗೆ ಬಟ್ಟೆ ಒಗೆಯುವ ಅಂಗಡಿಯ ಕೆಂಪು ಬೋರ್ಡು ಇದೆ, ಸಂಜೆಗೆ ಅದರ ಬೆಳಕು ಇವಳ ನೀರಿನ ಬಾಟಲಿಯಲ್ಲಿ ಕಾಣುತ್ತದೆ. ತರಕಾರಿ ಗಾಡಿಯವನು ಮೈಕಿನಲ್ಲಿ ಈ ಓಣಿಯ ಹೆಸರು ಹಿಡಿದು ಕೂಗುತ್ತಾನೆ. ಇಷ್ಟು ಹೊತ್ತಿಗೆ ಓದಲು ಕೂಡುತ್ತಾಳೆ, ಇಷ್ಟು ಹೊತ್ತಿಗೆ ಹೊರಗೆ ಹೋಗಿ ಬರುತ್ತಾಳೆ, ಒಬ್ಬಳೇ ಇರುತ್ತಾಳೆ, ಯಾರೂ ಬರುವುದಿಲ್ಲ.

ಆ ಓಣಿಯ ಹೆಸರನ್ನು ಸಾವಳಗಿಯ ಹುಡುಗಿ ಕೇಳಿ ಕೇಳಿ ಅಕ್ಷರ ಕೂಡಿಸಿಕೊಟ್ಟಿದ್ದಳು. ನಮ್ಮ ಕಡೆಯ ಯಾರೇ ಆದರೂ ಒಂದು ಹುಡುಗಿಯ ಪರವಾಗಿ ಹೀಗೇ ಸಾಕ್ಷಿ ಹೇಳುತ್ತಿದ್ದರು. ಗಲಗಲಿಯ ಹಿರಿಯರ ಮುಂದೆ ಹೇಳಿದ್ದೂ ಇದನ್ನೇ.

ಕಳಿಸಿದ ದಿನ ನಗುವ ಅಕ್ಷರಗಳು ನಿಂತವು. ಇಂಗ್ಲಿಷಿನಲ್ಲೇ ಹತ್ತಾರು ಜನ, ಥ್ಯಾಂಕ್ ಯೂ ಟೀಚರ್, ನಮಗೆ ಗೊತ್ತಿರಲಿಲ್ಲ ಟೀಚರ್ ಎಂದು ಬರೆದರು. ಆ ಓಣಿಯ ಹೆಸರು ಇನ್ನೊಮ್ಮೆ ಬರೆಯುತ್ತೀರಾ ಎಂದು ಒಬ್ಬರು ಕೇಳಿದರು. ಅಕ್ಕಾರು ಬರೆದರು.

"ನೋಡಿದೇನು? ಒಂದ್ ಛಲೋ ಮಾತು ಸಾಕು" ಎಂದು ಬಸಿಯ ಚಹಾ ನನ್ನ ಕಡೆ ಸರಿಸಿದರು. ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಆಮೇಲೆ ಕಾಣಲಿಲ್ಲ.

ಎರಡು ದಿನ ಎಲ್ಲ ಸುಮ್ಮನಿತ್ತು. ಹುಡುಕುತ್ತಿದ್ದಾರೆ ಎಂದು ನಮಗೆ ಹೇಗೆ ಹೊಳೆಯಬೇಕು? ಮೂರನೆಯ ದಿನ ಕಮೆಂಟಿನಲ್ಲಿ ಒಂದು ಫೋಟೋದ ಕೊಂಡಿ ಬಂತು. ಅಕ್ಕಾರು ತೆರೆದರು. ಬೂದಿ ಬಣ್ಣದ ಒಂದು ಕಟ್ಟಡ, ಕೆಳಗೆ ಕೆಂಪು ಬೋರ್ಡಿನ ಅಂಗಡಿ, ಮೇಲಿನ ಒಂದು ಕಿಟಕಿಗೆ ಬಾಣದ ಗುರುತು. ಕೆಳಗೆ ನಗುವ ಅಕ್ಷರ, ಸಾಲು ಮುಗಿಯುವುದೇ ಇಲ್ಲ. ಇದೇನೆಂದು ಅವರು ನನ್ನ ಮುಖ ನೋಡಿದರು. ಲೈವ್ ನಡೆದೇ ಇತ್ತು. ಕೈಗಳು ಬರೆಯುತ್ತಿದ್ದವು.

ಆಗ ಬಾಗಿಲು ಬಡಿದ ಸದ್ದು ಕೇಳಿತು. ನಮ್ಮ ಸ್ಟಾಫ್ ರೂಮಿನ ಬಾಗಿಲೆಂದೇ ನಾನು ತಿರುಗಿ ನೋಡಿದೆ. ತೆರೆದೇ ಇತ್ತು, ಯಾರೂ ಇರಲಿಲ್ಲ. ಸದ್ದು ಫೋನಿನಿಂದ ಬಂದಿತ್ತು. ಮತ್ತೆ ಬಡಿದರು. ಕೈಗಳು ನಿಂತವು. ಮೂರನೆಯ ಸಲ ಬಡಿದದ್ದು ಜೋರಾಗಿತ್ತು, ಬಾಟಲಿಯ ನೀರು ಅಲುಗಿತು. ಹುಡುಗಿ ಪೆನ್ನಿಗೆ ಕ್ಯಾಪು ಹಾಕಿ ಪುಸ್ತಕದ ಪಕ್ಕಕ್ಕೆ ನೆಟ್ಟಗೆ ಇಟ್ಟಳು. ಅಕ್ಕಾರು ಫೋನನ್ನು ಎರಡೂ ಕೈಯಲ್ಲಿ ಹಿಡಿದು "ತೆರೀಬ್ಯಾಡವಾ, ತೆರೀಬ್ಯಾಡ" ಎಂದು ಕನ್ನಡದಲ್ಲಿ ಕೂಗುತ್ತಿದ್ದರು. ಪರದೆ ಕಪ್ಪಾಯಿತು.

ನಾನು ಬನಹಟ್ಟಿಯ ಮಗ್ಗದ ಓಣಿಯಲ್ಲಿ ಹುಟ್ಟಿದವಳು. ನಮ್ಮ ಓಣಿಯಲ್ಲಿ ಯಾರಾದರೂ ತೀರಿಹೋದರೆ ಅಕ್ಕಪಕ್ಕದ ಮನೆಗಳ ಮಗ್ಗ ನಿಲ್ಲಿಸುತ್ತಾರೆ. ಆ ಖಟಖಟ ನಿಂತಿತೆಂದರೆ ಒಲೆಯ ಮುಂದಿದ್ದವರೂ ಹೊರಗೆ ಬಂದು "ಯಾರು?" ಎಂದು ಕೇಳುತ್ತಾರೆ. ಪೆನ್ನಿನ ಆ ಕರಕರ ನಿಂತಾಗ ನನ್ನ ಎದೆಯಲ್ಲಿ ಎದ್ದದ್ದು ಅದೇ ಪ್ರಶ್ನೆ. ಅಕ್ಕಾರ ಡಬ್ಬಿಯಲ್ಲಿ ರೊಟ್ಟಿ ಹಾಗೇ ಇತ್ತು.

ಆ ಹುಡುಗಿ ಮತ್ತೆ ಬರಲಿಲ್ಲ. ಏನಾಯಿತೆಂದು ತಿಳಿಯಲಿಲ್ಲ. ಬಂದವರು ಬರೀ ನೋಡಿ ನಕ್ಕು ಹೋದರೋ, ಮತ್ತೇನಾದರೂ ಮಾಡಿದರೋ. ಅಕ್ಕಾರು ಅಲ್ಲಿಯ ಪೊಲೀಸರಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆದರು. ಮರ್ಯಾದೆಯ ಉತ್ತರವೇ ಬಂತು: ಆ ವ್ಯಕ್ತಿಯ ಹೆಸರೇನು, ನೀವು ಅವರಿಗೆ ಏನಾಗಬೇಕು? ಹೆಸರು ಗೊತ್ತಿರಲಿಲ್ಲ, ಮನೆ ಮಾತ್ರ ಗೊತ್ತಿತ್ತು.

ದಿನಾ ಬಿಡುವಿನಲ್ಲಿ ಆ ಕೊನೆಯ ವಿಡಿಯೋದ ಕೆಳಗೆ ಬರೆಯುವುದನ್ನು ಅವರು ಬಿಡಲಿಲ್ಲ. ಊಟ ಆಯಿತೇ? ಬರೆದು, ಸ್ವಲ್ಪ ಹೊತ್ತು ನೋಡಿ, ಫೋನು ಬೋರಲು ಹಾಕುತ್ತಿದ್ದರು. ಡಬ್ಬಿ ತರುವುದನ್ನು ಬಿಟ್ಟರು. ಕ್ಲಾಸಿನಲ್ಲಿ ಯಾರಾದರೂ ಬಾಗಿಲು ತಟ್ಟಿ "ಮೇ ಐ ಕಮ್ ಇನ್" ಎಂದರೆ ಚಾಕ್‌ಪೀಸು ಕೈಯಿಂದ ಬೀಳುತ್ತಿತ್ತು.

ಗುಂಪಿಗೆ ಹೊಟ್ಟೆ ತುಂಬುವುದಿಲ್ಲ. ಹುಡುಗಿ ಸಿಗದಾದ ಮೇಲೆ ಅವರು ಟೀಚರ್ ಯಾರು ಎಂದು ತಿರುಗಿದರು. ಕೆಲವರು, ಮನೆ ತೋರಿಸಿಕೊಟ್ಟವಳು ಇವಳೇ, ಇವಳನ್ನು ಬಿಡಬಾರದು ಎಂದರು. ಕೆಲವರಿಗೆ ಬರೀ ಮೋಜು. ಅಕ್ಕಾರ ಅಕೌಂಟಿನಲ್ಲಿ ಮುಚ್ಚಿಟ್ಟದ್ದು ಏನಿತ್ತು? ಪೂರ್ತಿ ಹೆಸರು, ಕಾಲೇಜಿನ ಗೇಟಿನ ಮುಂದೆ ನಿಂತ ಫೋಟೋ, ನಮ್ಮೆಲ್ಲರ ಜೊತೆ ತೆಗೆಸಿಕೊಂಡ ಗ್ರೂಪ್ ಫೋಟೋ, ವೈನಿಯ ಜೊತೆ ದೀಪಾವಳಿ. ಗೊತ್ತಿಲ್ಲದ ನಂಬರಿನಿಂದ ಕರೆಗಳು ಬರತೊಡಗಿದವು. ಎತ್ತಿದರೆ ಯಾರೂ ಮಾತಾಡುತ್ತಿರಲಿಲ್ಲ. ಒಮ್ಮೆ ಮಾತ್ರ, ಮೇಜಿನ ಮೇಲೆ ಬೆರಳಿಂದ ಬಡಿದ ಹಾಗೆ ಟಕ್ ಟಕ್ ಸದ್ದು ಮಾಡಿ ಇಟ್ಟರಂತೆ. ಅದನ್ನು ನನಗೆ ಹೇಳುವಾಗ ಅವರ ದನಿ ಅವರದಾಗಿರಲಿಲ್ಲ. ನನಗೂ ಹೆದರಿಕೆಯಾಯಿತು. ಪೊಲೀಸ್ ಸ್ಟೇಷನ್ನಿಗೆ ಹೋಗೋಣ ನಡೀರಿ ಎಂದೆ. "ಹೋಗಿ ಏನ್ ಹೇಳ್ಲಿ? ನಾ ಮಾಡಿದ್ದು ಹೇಳ್ಲೋ, ನನಗ ಮಾಡಿದ್ದು ಹೇಳ್ಲೋ?" ಎಂದು ಕೇಳಿದರು.

ಆಮೇಲೆ ಒಂದು ಫೋಟೋ ಬಂತು. ಅವರದೇ ಮನೆಯ ಬಾಗಿಲು. ಮ್ಯಾಪಿನಿಂದ ತೆಗೆದ ಹಳೆಯ ಚಿತ್ರವಲ್ಲ. ಹೊಸ್ತಿಲ ಮುಂದೆ ವೈನಿ ಅವತ್ತು ಬೆಳಿಗ್ಗೆ ಹಾಕಿದ ರಂಗೋಲಿ ಇತ್ತು. ಪಕ್ಕದಲ್ಲಿ ಅಕ್ಕಾರ ಚಪ್ಪಲಿ. ಅಂದರೆ ಅವರು ಮನೆಯೊಳಗಿದ್ದಾಗ ಯಾರೋ ಬಾಗಿಲಿಗೆ ಬಂದು ಫೋಟೋ ತೆಗೆದು ಹೋಗಿದ್ದಾರೆ. ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಟೀಚರ್, ಊಟ ಆಯಿತೇ?

ತೆಗೆದವರು ಯಾರೆಂದು ಹುಡುಕುವುದು ಕಷ್ಟವಾಗಲಿಲ್ಲ. ಯಾಕೆಂದರೆ ಅವರು ಮುಚ್ಚಿಡಲೇ ಇಲ್ಲ. ಅದೇ ಊರಿನ ಫೋಟೋ ಸ್ಟುಡಿಯೋದ ಮಾಲಕರು, ಅಕ್ಕಾರ ಹಳೆಯ ವಿದ್ಯಾರ್ಥಿ, ಈಗ ತಲೆ ನರೆತ ಗೃಹಸ್ಥ. ಭಾನುವಾರ ನಾವಿಬ್ಬರೂ ಸ್ಟುಡಿಯೋಕ್ಕೆ ಹೋದಾಗ ಎದ್ದು ನಿಂತು ಕುರ್ಚಿ ಒರೆಸಿ ಕೊಟ್ಟರು.

"ಹೌದ್ರಿ ಮ್ಯಾಡಮ್, ನಾನ ಕಳಿಸೇನಿ. ನಿಮ್ಮ ಫೋಟೋದ ಕೆಳಗ ನಾ ಬರದಿದ್ದು ನೋಡಿ ಫಾರಿನ್ ಮಂದಿ ಮೆಸೇಜ್ ಮಾಡಿದ್ರು. ಮ್ಯಾಡಮ್ಮಾರು ನಮಗ ಬಾಳ ಬೇಕಾದವ್ರು, ಗೊತ್ತಾಗದಂಗ ಒಂದ್ ಗಿಫ್ಟ್ ಕಳಿಸ್ಬೇಕು, ಮನಿ ಎಲ್ಲಿ ಬರ್ತೈತಿ ಅಂತ ಕೇಳಿದ್ರು. ಎಷ್ಟು ಮರ್ಯಾದಿಂದ ಕೇಳಿದ್ರಂತೀರಿ! ನಂಗ ಎಷ್ಟ್ ಅಭಿಮಾನ ಆತಂದ್ರ, ನಾನ ಮುಂಜಾನೆ ಎದ್ದು ಹೋಗಿ ಫೋಟೋ ಹೊಡದು, ಬಸ್ ಸ್ಟ್ಯಾಂಡಿನಿಂದ ಹೆಂಗ್ ಬರಬೇಕು ಅನ್ನೂದ್ನೂ ಬರದು ಕಳಿಸಿದೆ. ಗಿಫ್ಟ್ ಬಂತೇನ್ರಿ?"

ನನ್ನ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆ. ಅಕ್ಕಾರು ನನ್ನ ಕೈ ಹಿಡಿದು ಒತ್ತಿದರು.

"ಬಂತಪಾ, ಬಂತು" ಎಂದರು.

"ತಪ್ಪೇನಾರ ಆತೇನ್ರಿ ಮ್ಯಾಡಮ್? ಮನಿ ಕೇಳಿದವ್ರಿಗೆ ಇಲ್ಲ ಅನ್ನಾಕ ಆಕ್ಕೇತೇನ್ರಿ?"

"ಇಲ್ಲೋ ತಮ್ಮಾ. ನಾನೂ ಅಂದಿಲ್ಲ" ಎಂದು ಎದ್ದರು. ಹೊರಗೆ ಬಂದ ಮೇಲೆ ಬಸ್ ಸ್ಟ್ಯಾಂಡಿನವರೆಗೂ ನನ್ನ ಕೈ ಬಿಡಲಿಲ್ಲ.

ಅದಾದ ಮೇಲೆ ಅವರು ಬಾಗಿಲ ಮೇಲಿನ ಹೆಸರಿನ ಹಲಗೆ ಬಿಚ್ಚಿದರು. ರಂಗೋಲಿ ಬೇಡ ಎಂದು ವೈನಿಗೆ ಹೇಳಿದರು. ವೈನಿ, ರಂಗೋಲಿ ಇಲ್ಲದ ಮನೆ ಸೂತಕದ ಮನೆಯಂತೆ ಕಾಣುತ್ತದೆ ಎಂದು ಅತ್ತರಂತೆ. ನಿವೃತ್ತಿಗೆ ಇನ್ನೂ ಅವಧಿ ಇರುವಾಗಲೇ ಅರ್ಜಿ ಕೊಟ್ಟರು. ಬೀಳ್ಕೊಡುಗೆ ಬೇಡ, ಶಾಲು ಬೇಡ, ಫೋಟೋ ಅಂತೂ ಬೇಡವೇ ಬೇಡ ಎಂದರು. ಆ ಮನೆಯನ್ನೂ ಬಿಟ್ಟರು. ಹೊಸ ಮನೆ ಎಲ್ಲಿ ಎಂದು ನನಗೊಬ್ಬಳಿಗೆ ಹೇಳಿದರು, ಜಮಖಂಡಿಯ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ, ಕಿವಿಯ ಹತ್ತಿರ ಬಂದು.

"ಬರಕೋಬ್ಯಾಡ. ಯಾರರ ಕೇಳಿದ್ರ ಗೊತ್ತಿಲ್ಲ ಅನ್ನು."

"ನನಗ ಹಂಗ ಅನ್ನಾಕ ಬರೂದಿಲ್ರಿ ಅಕ್ಕಾರ."

"ಕಲ್ತಕೋ" ಎಂದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು ನನಗೆ ಹೇಳಿದ ಪಾಠ ಅದೊಂದೇ.

ಹೋದ ಶ್ರಾವಣದಲ್ಲಿ ತೀರಿಕೊಂಡರು. ಕಾಯಿಲೆ ಇತ್ತು, ಬೇರೆ ಸಂಶಯಕ್ಕೆ ಕಾರಣವಿಲ್ಲ. ನಮ್ಮಲ್ಲಿ ಯಾರು ಹೋದರೂ ಸರ್ಕಲ್ಲಿನಲ್ಲಿ ಫೋಟೋ, ಹೆಸರು, ಊರು ಹಾಕಿದ ಫ್ಲೆಕ್ಸ್ ಏಳುತ್ತದೆ. ಅವರಿಗೆ ಏಳಲಿಲ್ಲ. ಅವರೇ ಹಾಗೆ ಹೇಳಿಹೋಗಿದ್ದರು. ಮಣ್ಣು ಕೊಡಲು ಹೋದವರು ಬೆರಳೆಣಿಕೆಯ ಮಂದಿ. ವೈನಿ ಫೋನು ನನ್ನ ಕೈಗೆ ಕೊಟ್ಟು, ಕಡೆಯವರೆಗೂ ಮಧ್ಯಾಹ್ನ ಏನೋ ಒಂದು ಸಾಲು ಬರೆಯುತ್ತಿದ್ದರು, ಅದೇನೆಂದು ನನಗೆ ಓದಲು ಬರುವುದಿಲ್ಲ ಎಂದರು. ಓದಿ ಹೇಳಿದೆ. "ಯಾರಿಗೆ?" ಎಂದು ಕೇಳಿದರು. ಹೇಳಲಿಲ್ಲ. ವೈನಿ ಈಗ ಆ ಮನೆಯಲ್ಲಿ ಒಬ್ಬರೇ ಇದ್ದಾರೆ.

ತಿಂಗಳ ಹಿಂದೆ ನನಗೆ ಒಂದು ಮೆಸೇಜ್ ಬಂತು. ಗ್ರೂಪ್ ಫೋಟೋದಲ್ಲಿ ಅಕ್ಕಾರ ಪಕ್ಕಕ್ಕೆ ನಿಂತವಳು ನಾನು, ಹಾಗಾಗಿ ನನ್ನನ್ನು ಹುಡುಕಿದ್ದಾರೆ. ಇಂಗ್ಲಿಷಿನಲ್ಲಿತ್ತು. ನಮಸ್ಕಾರ. ಊಟ ಆಯಿತೇ? ನಾನು ಟೀಚರನ್ನು ಹುಡುಕುತ್ತಿದ್ದೇನೆ. ಅವರು ನನಗೆ ದಿನಾ ಬರೆಯುತ್ತಿದ್ದರು. ಅವರನ್ನು ಕಂಡು ಮಾತಾಡಬೇಕು. ಅವರ ಮನೆ ಎಲ್ಲಿ, ದಯವಿಟ್ಟು ಹೇಳಿ.

ಎಷ್ಟು ಸಲ ಓದಿದೆನೋ. ಅವಳೇ ಇರಬಹುದು. ಬದುಕಿದ್ದಾಳೆ, ಎಲ್ಲೋ ಚೆನ್ನಾಗಿದ್ದಾಳೆ, ಅಕ್ಕಾರು ಕಾದು ಕಾದು ಕಣ್ಣು ಮುಚ್ಚಿದ ಉತ್ತರ ಇದೇ ಇರಬಹುದು. ಇಲ್ಲವೇ ಆ ಗುಂಪಿನ ಯಾವನೋ ಇರಬಹುದು. ಊಟದ ಆ ಮಾತನ್ನು ಅವರೆಲ್ಲರೂ ಓದಿದ್ದಾರೆ, ಬಾಗಿಲಿನ ಫೋಟೋದ ಕೆಳಗೆ ಬರೆದವರೂ ಅವರೇ. ಇಂಗ್ಲಿಷಿನಲ್ಲಿ ಇಬ್ಬರದೂ ಒಂದೇ ದನಿ. ಇವಳು ಅವಳೇ ಎಂದು ಸಾಕ್ಷಿ ಹೇಳುವವರು ನನಗೆ ಯಾರಿದ್ದಾರೆ? ಅವಳೇ ಆಗಿದ್ದರೆ, ಅಕ್ಕಾರು ಹೋದರವ್ವಾ, ನಿನ್ನ ನೆನಪಿನಲ್ಲೇ ಹೋದರು ಎಂದು ಅಷ್ಟಾದರೂ ಬರೆಯಬೇಕು. ಬರೆದರೆ ಮುಂದಿನ ಪ್ರಶ್ನೆ ಬರುತ್ತದೆ, ಅದರ ಮುಂದಿನದು ಬರುತ್ತದೆ. ಆ ಮನೆಯಲ್ಲಿ ವೈನಿ ಒಬ್ಬರೇ. ನಾನು ಉತ್ತರ ಬರೆದಿಲ್ಲ. ಮೆಸೇಜನ್ನು ಅಳಿಸಿಯೂ ಇಲ್ಲ. ಒಬ್ಬ ಹುಡುಗಿ ಎಲ್ಲೋ ಕೂತು ಕಾಯುತ್ತಿದ್ದರೆ ಆ ಪಾಪ ನನ್ನದು, ಇರಲಿ.

ಮೊನ್ನೆ ಸಂಜೆ ಕಾಲೇಜಿನಿಂದ ಮನೆಗೆ ನಡೆದು ಬರುತ್ತಿದ್ದೆ. ನಮ್ಮ ಓಣಿಯ ತಿರುವಿನಲ್ಲಿ ಒಬ್ಬ ಹಿರಿಯರು ನಿಂತಿದ್ದರು. ತಲೆಗೆ ರುಮಾಲು, ಕೈಯಲ್ಲಿ ಅರಿಷಿಣ ಹಚ್ಚಿದ ಲಗ್ನಪತ್ರಿಕೆಗಳ ಕಟ್ಟು, ಮೇಲಿನ ಪತ್ರಿಕೆಯ ಮೇಲೆ ಬರೆದ ಹೆಸರು ನನಗೆ ಕಾಣುತ್ತಿತ್ತು. ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವರದು.

"ತಂಗಿ, ಇವ್ರ ಮನಿ ಎಲ್ಲಿ ಬರ್ತೈತಿ?" ಎಂದು ಕೇಳಿದರು.

ಕೈ ಎತ್ತಿದರೆ ಬಾಗಿಲು ಕಾಣುವಷ್ಟು ಹತ್ತಿರ. ಎತ್ತಲಿಲ್ಲ.

"ಗೊತ್ತಿಲ್ರಿ" ಎಂದೆ.

ಹಿರಿಯರು ನನ್ನ ಕೈಯಲ್ಲಿದ್ದ ಕಾಯಿಪಲ್ಲೆಯ ಚೀಲ ನೋಡಿದರು, ಹೆಗಲಿನ ಬ್ಯಾಗು ನೋಡಿದರು. ಆಮೇಲೆ ಸಿಟ್ಟಿಲ್ಲದೆ, ಬರೀ ಅಚ್ಚರಿಯಿಂದ ಕೇಳಿದರು.

"ನೀವು ಈ ಊರಾವ್ರ ಅಲ್ಲೇನವಾ?"